ವ್ಯಾಕ್ಸಿನ್ ಅನ್ನೋ ಪದದಲ್ಲಿ ಆ ‘ಸ’ ಎಲ್ಲಿಂದ ಬಂತು: ಒಂದು ಪದದ ಪ್ರಕರಣ ಅಧ್ಯಯನ

ವ್ಯಾಕ್ಸಿನ್ ಅನ್ನೋದು ಸಂಸ್ಕೃತದ ವತ್ಸದಿಂದ ಬಂದಿದ್ದು, ವತ್ಸ ಅಂದ್ರೆ ಕರು, ಮೊದಲ ಲಸಿಕೆ ದನದ ಮೈಲಿಯಿಂದ ಬಂತು, ಹಾಗಾಗಿ ವತ್ಸ ಹೋಗಿ ವ್ಯಾಕ್ಸ್ ಆಯ್ತು ಅಂತ ಯಾರಾದ್ರೂ ಹೇಳಿದ್ರೆ ನಂಬೋದು ಬಹಳ ಸುಲಭ. ಯಾಕಂದ್ರೆ ಅದರಲ್ಲಿ ಅರ್ಧ ಮಾತು ನಿಜ. ಆ ಪದದೊಳಗೆ ಹಸು ಇದೆ, ಅದರಲ್ಲಿ ಅನುಮಾನ ಬೇಡ. ವತ್ಸ ಇದ್ಯಾ ಅನ್ನೋದೇ ಪ್ರಶ್ನೆ. ನಾನು ಇಲ್ಲಿ ಆ ಒಂದೇ ಪದ ಹಿಡ್ಕೊಂಡು ಕೊನೇವರೆಗೂ ಹೋಗ್ತೀನಿ, ಯಾರು ಇಟ್ಟ ಹೆಸರು, ಯಾವ ವರ್ಷ, ಯಾವ ಹಾಳೆಯಲ್ಲಿ, ಲ್ಯಾಟಿನ್‌ನಲ್ಲಿ ಅದರ ಅರ್ಥ ಏನು, ಉಚ್ಚಾರ ಹೇಗಿತ್ತು, ಆಮೇಲೆ ಹೇಗೆ ಬದಲಾಯ್ತು ಅಂತ. ಪದಗಳ ಮೂಲ ಹುಡುಕೋರು ಬಹಳ ಜನ ಕಿವಿಯಿಂದ ಶುರು ಮಾಡ್ತಾರೆ, ಇದು ಅದರ ಥರ ಕೇಳ್ಸುತ್ತೆ ಅಂತ. ವೈಜ್ಞಾನಿಕ ಪದಗಳ ವಿಷಯದಲ್ಲಿ ನಮಗೆ ಅದಕ್ಕಿಂತ ಗಟ್ಟಿ ಸೌಕರ್ಯ ಇದೆ. ಇವು ಜನರ ಬಾಯಲ್ಲಿ ಸಾವಿರಾರು ವರ್ಷ ತಾನಾಗೇ ಬೆಳೆದ ಪದಗಳಲ್ಲ, ಯಾರೋ ಒಬ್ಬರು ಒಂದು ದಿನ ಕೂತು ಕಟ್ಟಿದ್ದು, ಹಾಗಾಗಿ ಕಟ್ಟಿದವರ ಹೆಸರು ತಾರೀಖು ಸಮೇತ ಸಿಗುತ್ತೆ.

ಇಲ್ಲಿ ಆ ಮನುಷ್ಯ ಎಡ್ವರ್ಡ್ ಜೆನ್ನರ್, ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ಬರ್ಕ್ಲಿ ಅನ್ನೋ ಊರಿನ ಡಾಕ್ಟ್ರು. 1796ರ ಮೇ 14ರಂದು ಅವರು ಸಾರಾ ನೆಲ್ಮ್ಸ್ ಅನ್ನೋ ಹಾಲು ಕರೆಯೋ ಹುಡುಗಿಯ ಕೈ ಮೇಲಿದ್ದ ದನದ ಮೈಲಿಯ ಗುಳ್ಳೆಯಿಂದ ಕೀವು ತಗೊಂಡು ಜೇಮ್ಸ್ ಫಿಪ್ಸ್ ಅನ್ನೋ ಎಂಟು ವರ್ಷದ ಹುಡುಗನ ತೋಳಿಗೆ ಗೀರಿ ಹಚ್ಚಿದ್ರು. ಜುಲೈನಲ್ಲಿ ಅದೇ ಹುಡುಗನಿಗೆ ನಿಜವಾದ ಸಿಡುಬಿನ ಕೀವನ್ನೇ ಹಾಕಿ ನೋಡಿದ್ರು, ಅವನಿಗೆ ಸಿಡುಬು ಬರಲಿಲ್ಲ. ಸಾರಾಗೆ ಮೈಲಿ ಅಂಟಿಸಿದ ಹಸುವಿನ ಹೆಸರು ಬ್ಲಾಸಮ್, ಅದರ ಚರ್ಮ ಇವತ್ತಿಗೂ ಲಂಡನ್ನಿನ ಸೇಂಟ್ ಜಾರ್ಜ್ಸ್ ವೈದ್ಯಕೀಯ ಕಾಲೇಜಿನಲ್ಲಿದೆ. ಈ ಕಥೆ ಎಲ್ರಿಗೂ ಗೊತ್ತು. ನನಗೆ ಮುಖ್ಯ ಆಗಿರೋದು ಎರಡು ವರ್ಷ ಆದ್ಮೇಲೆ, 1798ರಲ್ಲಿ, ಅವರು ಸ್ವಂತ ದುಡ್ಡಲ್ಲಿ ಅಚ್ಚು ಹಾಕ್ಸಿದ ಪುಸ್ತಕದ ಮುಖಪುಟ.

ಆ ಪುಸ್ತಕದ ಹೆಸರು ಉದ್ದ. ವೇರಿಯೋಲೆ ವ್ಯಾಕ್ಸಿನೆಯ ಕಾರಣ ಮತ್ತು ಪರಿಣಾಮಗಳ ವಿಚಾರಣೆ, ಇದು ಇಂಗ್ಲೆಂಡಿನ ಪಶ್ಚಿಮದ ಕೆಲವು ಜಿಲ್ಲೆಗಳಲ್ಲಿ, ಅದರಲ್ಲೂ ಗ್ಲಾಸ್ಟರ್‌ಶೈರ್‌ನಲ್ಲಿ ಕಂಡುಬಂದ ಕಾಯಿಲೆ, ಕೌ ಪಾಕ್ಸ್ ಅನ್ನೋ ಹೆಸರಲ್ಲಿ ಪರಿಚಿತ, ಅಂತ ಅದರ ಸಾರಾಂಶ. ನೋಡಿ, ಒಂದೇ ಮುಖಪುಟದಲ್ಲಿ ಒಂದೇ ಕಾಯಿಲೆಗೆ ಎರಡು ಹೆಸರು. ಕೌ ಪಾಕ್ಸ್ ಅನ್ನೋದು ಹಾಲು ಕರೆಯೋರ, ದನ ಸಾಕೋರ ಬಾಯಲ್ಲಿ ಮೊದಲೇ ಇದ್ದ ಹೆಸರು. ವೇರಿಯೋಲೆ ವ್ಯಾಕ್ಸಿನೆ ಅನ್ನೋದು ಜೆನ್ನರ್ ಕಟ್ಟಿದ ಲ್ಯಾಟಿನ್. ಜನರ ಹೆಸರು ಚೆನ್ನಾಗೇ ಇದ್ದಾಗ ಲ್ಯಾಟಿನ್ ಯಾಕೆ ಬೇಕಿತ್ತು? ಆ ಕಾಲದ ಡಾಕ್ಟ್ರುಗಳ ಪದ್ಧತಿ ಅದು ಅನ್ನೋದು ಒಂದು ಉತ್ತರ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಗಿಡಗಳಿಗೆ ಎರಡು ಪದದ ಹೆಸರು ಕೊಟ್ಟ ಹಾಗೆ ಕಾಯಿಲೆಗಳನ್ನೂ ಜಾತಿ, ಒಳಜಾತಿ ಅಂತ ವಿಂಗಡಿಸಿ ಲ್ಯಾಟಿನ್ ಹೆಸರಿಡೋದು ಹದಿನೆಂಟನೇ ಶತಮಾನದಲ್ಲಿ ನಡೀತಿತ್ತು. ಆದ್ರೆ ಅಷ್ಟೇ ಆಗಿದ್ರೆ ಈ ಪದಕ್ಕೆ ಇಷ್ಟು ಜೀವ ಬರ್ತಿರಲಿಲ್ಲ. ಆ ಹೆಸರಿನಲ್ಲಿ ಒಂದು ವಾದ ಇದೆ, ಅದು ಏನು ಅಂತ ಪದ ಬಿಡಿಸಿದ್ರೆ ಗೊತ್ತಾಗುತ್ತೆ.

ವೇರಿಯೋಲಾ ಅಂದ್ರೆ ಸಿಡುಬು. ಈ ಪದ ಜೆನ್ನರ್‌ಗಿಂತ ಸಾವಿರದ ಇನ್ನೂರು ವರ್ಷ ಹಳೇದು, ಕ್ರಿ.ಶ. 570ರ ಸುಮಾರಿನ ಒಂದು ಪಿಡುಗಿನ ಬಗ್ಗೆ ಈಗಿನ ಸ್ವಿಟ್ಜರ್ಲೆಂಡಿನ ಅವಾಂಶ್ ಅನ್ನೋ ಊರಿನ ಬಿಷಪ್ ಮಾರಿಯಸ್ ಬರೆದಿದ್ದರಲ್ಲಿ ಸಿಗುತ್ತೆ. ಮೂಲ ವೇರಿಯಸ್, ಅಂದ್ರೆ ಬಣ್ಣ ಬಣ್ಣದ, ಮಚ್ಚೆ ಮಚ್ಚೆಯ. ಇಂಗ್ಲಿಷಿನ ವೆರೈಟಿ ಅನ್ನೋದೂ ಅಲ್ಲಿಂದಲೇ. ವೇರಸ್, ಅಂದ್ರೆ ಗುಳ್ಳೆ, ಅದರಿಂದ ಬಂತು ಅನ್ನೋರೂ ಇದಾರೆ, ಎರಡೂ ಮೈಮೇಲಿನ ಗುರುತನ್ನೇ ಹೇಳ್ತವೆ. ಅದರ ಬಹುವಚನ ವೇರಿಯೋಲೆ. ಇನ್ನು ವ್ಯಾಕ್ಸಿನೆ. ವಕ್ಕಾ ಅಂದ್ರೆ ಹಸು. ಅದಕ್ಕೆ ‘ಈನಸ್’ ಅನ್ನೋ ಪ್ರತ್ಯಯ ಸೇರಿಸಿದ್ರೆ ಹಸುವಿಗೆ ಸೇರಿದ, ಹಸುವಿನ ಅಂತ ವಿಶೇಷಣ ಆಗುತ್ತೆ. ನಾಯಿಗೆ ಕೆನೈನ್, ಬೆಕ್ಕಿಗೆ ಫೀಲೈನ್, ಕುದುರೆಗೆ ಈಕ್ವೈನ್ ಅಂತೀವಲ್ಲ, ಅದೇ ಪ್ರತ್ಯಯ. ಲ್ಯಾಟಿನ್‌ನಲ್ಲಿ ವಿಶೇಷಣವೂ ನಾಮಪದದ ಲಿಂಗ ವಚನ ಹಿಡ್ಕೋಬೇಕು, ವೇರಿಯೋಲೆ ಸ್ತ್ರೀಲಿಂಗ ಬಹುವಚನ ಆಗಿದ್ದರಿಂದ ವಕ್ಕೀನಸ್ ಹೋಗಿ ವ್ಯಾಕ್ಸಿನೆ ಆಯ್ತು. ಎರಡನ್ನೂ ಸೇರಿಸಿದ್ರೆ ‘ಹಸುವಿನ ಸಿಡುಬು’.

ಈಗ ವಾದ ಕಾಣ್ಸುತ್ತೆ. ಕೌ ಪಾಕ್ಸ್ ಅಂದ್ರೆ ದನಕ್ಕೆ ಬರೋ ಏನೋ ಒಂದು ಗುಳ್ಳೆ ರೋಗ, ಅಷ್ಟೇ, ಅದು ಸಿಡುಬಿಗೆ ಬಂಧುವೋ ಅಲ್ವೋ ಆ ಹೆಸರು ಹೇಳಲ್ಲ. ವೇರಿಯೋಲೆ ಅಂತ ಜಾತಿಯ ಹೆಸರು ಕೊಟ್ಟಾಗ, ಇದು ಸಿಡುಬೇ, ಮನುಷ್ಯನದಲ್ಲ ಹಸುವಿನದು, ಸೌಮ್ಯವಾದದ್ದು, ಅದಕ್ಕೇ ಇದು ಬಂದವರಿಗೆ ಅದು ಬರಲ್ಲ, ಅಂತ ಪುಸ್ತಕ ತೆರೆಯೋ ಮುಂಚೆನೇ ಓದುಗನಿಗೆ ಹೇಳಿದ ಹಾಗಾಯ್ತು. ಒಳಗಿದ್ದದ್ದು 23 ಪ್ರಕರಣಗಳು, ಮುಖಪುಟದ ಎರಡು ಪದ ಅವೆಲ್ಲದರ ತೀರ್ಮಾನ. ಒಬ್ಬ ವಿಜ್ಞಾನಿ ಒಂದು ವಸ್ತುವಿಗೆ ಹೆಸರಿಡೋವಾಗ ಅದರ ಬಗ್ಗೆ ತನ್ನ ನಂಬಿಕೆಯನ್ನೂ ಅದರೊಳಗೆ ಇಡ್ತಾನೆ, ಇದಕ್ಕಿಂತ ಒಳ್ಳೇ ಉದಾಹರಣೆ ನಾನು ನೋಡಿಲ್ಲ.

ಹೆಸರಲ್ಲಿ ವಾದ ಇದೆ ಅಂತ ವಿರೋಧಿಗಳಿಗೂ ಗೊತ್ತಾಗಿತ್ತು. ಬೆಂಜಮಿನ್ ಮೋಸ್ಲಿ ಅನ್ನೋ ಲಂಡನ್ ಡಾಕ್ಟ್ರು ಇದೇ ಕಾಯಿಲೆಗೆ ಲೂಯಿಸ್ ಬೊವಿಲ್ಲಾ ಅಂತ ಬೇರೆ ಲ್ಯಾಟಿನ್ ಹೆಸರು ಕೊಟ್ರು. ಲೂಯಿಸ್ ಅಂದ್ರೆ ಪಿಡುಗು, ಆದ್ರೆ ಆ ಕಾಲದ ಡಾಕ್ಟ್ರುಗಳ ಕಿವಿಗೆ ಅದು ಸಿಫಿಲಿಸ್ ರೋಗದ ಹೆಸರು. ಒಬ್ಬರು ಹಸುವಿನ ಸಿಡುಬು ಅಂದ್ರೆ ಇನ್ನೊಬ್ಬರು ಹಸುವಿನ ಗುಹ್ಯರೋಗ ಅಂದ್ರು, ಇಬ್ಬರೂ ಲ್ಯಾಟಿನ್‌ನಲ್ಲಿ. 1802ರಲ್ಲಿ ಜೇಮ್ಸ್ ಗಿಲ್ರೇ ಬರೆದ ಪ್ರಸಿದ್ಧ ವ್ಯಂಗ್ಯಚಿತ್ರದಲ್ಲಿ ಲಸಿಕೆ ಹಾಕ್ಸಿಕೊಂಡವರ ಮೈಯಿಂದ ಪುಟ್ಟ ಪುಟ್ಟ ಹಸುಗಳು ಹುಟ್ಟಿ ಬರ್ತಿವೆ. ಅಂದ್ರೆ ಆಗಿನ ಜನಕ್ಕೆ ಈ ಚಿಕಿತ್ಸೆ ಅಂದ್ರೆ ಹಸುವೇ ಕಣ್ಮುಂದೆ ಬರ್ತಿತ್ತು. ಇವತ್ತು ನಮಗೆ ಬರಲ್ಲ.

ಹಸು ಮರೆಯಾಗಿದ್ದಕ್ಕೆ ಮೊದಲ ಕಾರಣ ವ್ಯಾಕರಣದ್ದು. ವೇರಿಯೋಲೆ ಅನ್ನೋ ನಾಮಪದ ಬಿದ್ದುಹೋಯ್ತು, ವಿಶೇಷಣ ಮಾತ್ರ ಉಳೀತು. ನಾವು ಮೊಬೈಲ್ ಫೋನ್ ಅನ್ನೋದನ್ನ ಬರೀ ಮೊಬೈಲ್ ಅಂದ ಹಾಗೆ. ಮೊದಲಿಗೆ ವ್ಯಾಕ್ಸಿನ್ ವೈರಸ್, ವ್ಯಾಕ್ಸಿನ್ ಮ್ಯಾಟರ್, ವ್ಯಾಕ್ಸಿನ್ ಇನಾಕ್ಯುಲೇಶನ್ ಅಂತೆಲ್ಲ ಬರೀತಿದ್ರು, ಎಲ್ಲಾ ಕಡೆ ‘ಹಸುವಿನ’ ಅಂತಲೇ ಅರ್ಥ. 1800ರಲ್ಲಿ ಪ್ಲಿಮತ್‌ನ ಸರ್ಜನ್ ರಿಚರ್ಡ್ ಡನ್ನಿಂಗ್ ತಮ್ಮ ಪುಸ್ತಕದಲ್ಲಿ ವ್ಯಾಕ್ಸಿನೇಶನ್ ಅನ್ನೋ ಪದ ಬಳಸಿದ್ರು. ಆ ಪದ ಹುಟ್ಟಿದ್ಮೇಲೆ ಉಳಿದ ಉದ್ದ ಉದ್ದ ಹೆಸರುಗಳು ಬೇಕಾಗಲಿಲ್ಲ. ಪದ ಪದವಾಗಿ ನೋಡಿದ್ರೆ ಅದರರ್ಥ ‘ಹಸುವಿನದನ್ನ ಮಾಡೋದು’, ಅದರಲ್ಲಿ ಔಷಧ, ರೋಗನಿರೋಧ, ಚುಚ್ಚುವಿಕೆ ಯಾವುದೂ ಇಲ್ಲ.

ಸರಿ, ಈಗ ವತ್ಸಕ್ಕೆ ಬರೋಣ. ಆ ವಾದ ನಿಂತಿರೋದು ಎರಡು ಪದದಲ್ಲೂ ಇರೋ ‘ಸ’ಕಾರದ ಮೇಲೆ. ವತ್‌-ಸ, ವ್ಯಾಕ್‌-ಸಿನ್. ಆದ್ರೆ ಲ್ಯಾಟಿನ್ ಪದದಲ್ಲಿ ಸಕಾರವೇ ಇರಲಿಲ್ಲ! ರೋಮನ್ನರ ಕಾಲದಲ್ಲಿ ಸಿ ಅಕ್ಷರ ಎಲ್ಲಾ ಕಡೆ ‘ಕ’ ಅಂತಲೇ ಉಚ್ಚಾರ ಆಗ್ತಿತ್ತು. ನಾವು ಸಿಸಿರೋ ಅನ್ನೋರನ್ನ ಅವರ ಕಾಲದವರು ಕಿಕೆರೋ ಅಂತಿದ್ರು, ಸೀಸರ್ ಅನ್ನೋದು ಕೈಸರ್ ಆಗಿತ್ತು, ಜರ್ಮನ್ನರು ಆ ಹಳೇ ಉಚ್ಚಾರವನ್ನೇ ಉಳಿಸ್ಕೊಂಡು ತಮ್ಮ ಚಕ್ರವರ್ತಿಗೆ ಕೈಸರ್ ಅಂದ್ರು. ವಿ ಅಕ್ಷರದ ಉಚ್ಚಾರ ಕೂಡ ತುಟಿ ದುಂಡಗೆ ಮಾಡಿ ಹೇಳೋ ವಕಾರ. ಹಾಗಾಗಿ ಹಸು ಅಂದ್ರೆ ವಕ್ಕಾ, ಹಸುವಿನದು ಅಂದ್ರೆ ವಕ್ಕೀನಸ್. ಆಮೇಲೆ ಶತಮಾನಗಳು ಕಳೆದ ಹಾಗೆ ಇ, ಎ ಸ್ವರಗಳ ಮುಂದಿನ ಕಕಾರ ಮೆತ್ತಗಾಯ್ತು, ಇಟಲಿಯಲ್ಲಿ ಅದು ಚಕಾರ ಆಯ್ತು, ಫ್ರಾನ್ಸಿನಲ್ಲಿ ಸಕಾರ ಆಯ್ತು. ಇಂಗ್ಲಿಷರು ಲ್ಯಾಟಿನ್ ಓದೋ ರೂಢಿ ಫ್ರೆಂಚರ ಕಡೆಯಿಂದ ಬಂದಿದ್ದು, ಹಾಗಾಗಿ ಎರಡು ಸಿ ಒಟ್ಟಿಗೆ ಬಂದು ಮುಂದೆ ಇ ಅಥವಾ ಎ ಸ್ವರ ಇದ್ರೆ ಮೊದಲನೇದು ಕ, ಎರಡನೇದು ಸ. ಆಕ್ಸಿಡೆಂಟ್, ಸಕ್ಸಸ್, ಆಕ್ಸೆಂಟ್ ಇವೆಲ್ಲ ಹೀಗೇ ಹುಟ್ಟಿದ ‘ಕ್ಸ’, ಲ್ಯಾಟಿನ್‌ನಲ್ಲಿ ಇವೆಲ್ಲ ‘ಕ್ಕ’ ಆಗಿದ್ದವು. ವ್ಯಾಕ್ಸಿನ್ ಅದೇ ಸಾಲಿನ ಪದ.

ಇದಕ್ಕೆ ಪಕ್ಕಾ ಸಾಕ್ಷಿ ಬೇಕು ಅಂದ್ರೆ ಇಂಗ್ಲಿಷ್ ಬಿಟ್ಟು ಅಕ್ಕಪಕ್ಕದ ಭಾಷೆ ನೋಡಿ. ಇಟಾಲಿಯನ್‌ನಲ್ಲಿ ಲಸಿಕೆಗೆ ವಚ್ಚೀನೋ ಅಂತಾರೆ, ಸಕಾರ ಇಲ್ಲ. ಸ್ಪ್ಯಾನಿಷ್‌ನಲ್ಲಿ ವಕೂನ ಅಂತಾರೆ, ಅಲ್ಲಿ ವಕ ಅಂದ್ರೆ ಇವತ್ತಿಗೂ ಬೀದಿಯಲ್ಲಿ ಓಡಾಡೋ ಹಸು, ವಕೂನೋ ಅಂದ್ರೆ ದನಕ್ಕೆ ಸಂಬಂಧಿಸಿದ್ದು, ಅಲ್ಲೂ ಸಕಾರ ಇಲ್ಲ. 1803ರ ನವೆಂಬರ್‌ನಲ್ಲಿ ಸ್ಪೇನಿನ ರಾಜ ಈ ವಕೂನವನ್ನ ಅಮೆರಿಕ ಖಂಡಕ್ಕೆ ಸಾಗಿಸೋಕೆ ಒಂದು ಹಡಗು ಕಳಿಸಿದ, ಫ್ರಿಜ್ ಇಲ್ಲದ ಕಾಲ, 22 ಅನಾಥ ಹುಡುಗರನ್ನ ಹಡಗಲ್ಲಿ ಕೂರಿಸಿ ಒಬ್ಬರ ತೋಳಿನ ಗುಳ್ಳೆಯಿಂದ ಇನ್ನೊಬ್ಬರ ತೋಳಿಗೆ ದಾಟಿಸ್ತಾ ಅಟ್ಲಾಂಟಿಕ್ ದಾಟಿದ್ರು. ಆ ಮಕ್ಕಳ ಹೆಸರು ಲಸಿಕೆಯ ಇತಿಹಾಸದಲ್ಲಿ ಇನ್ನೂ ದೊಡ್ಡದಾಗಿ ಬರಬೇಕು ಅಂತ ನನಗೆ ಯಾವಾಗಲೂ ಅನ್ಸುತ್ತೆ. ಇರಲಿ. ಒಂದೇ ಪದ ಮೂರು ಭಾಷೆಯಲ್ಲಿ ಕ್ಸ, ಚ್ಚ, ಕ ಆಗಿದೆ ಅಂದ್ರೆ ಮೂಲದಲ್ಲಿದ್ದದ್ದು ಕಕಾರ, ಸಕಾರ ಇಂಗ್ಲಿಷ್ ಫ್ರೆಂಚ್ ಕಡೆ ಆಮೇಲೆ ಮೂಡಿದ್ದು. ವತ್ಸದ ಸಕಾರಕ್ಕೂ ಇದಕ್ಕೂ ಭೇಟಿಯೇ ಆಗಿಲ್ಲ.

ಹಾಗಾದ್ರೆ ವಕ್ಕಾಗೂ ಸಂಸ್ಕೃತಕ್ಕೂ ಏನೂ ನೆಂಟಸ್ತಿಕೆ ಇಲ್ವಾ? ಇರಬಹುದು, ಆದ್ರೆ ಬೇರೆ ಪದದ ಜೊತೆ. ಸಂಸ್ಕೃತ ಮತ್ತು ಲ್ಯಾಟಿನ್ ಎರಡೂ ಒಂದೇ ಹಳೇ ಮೂಲದಿಂದ ಕವಲೊಡೆದ ಭಾಷೆಗಳು, ಇವುಗಳ ನಡುವೆ ಧ್ವನಿಗಳು ಒಂದು ಕ್ರಮದಲ್ಲಿ ಹೊಂದ್ತವೆ. ಅದರಲ್ಲಿ ಒಂದು ಕ್ರಮ, ಸಂಸ್ಕೃತದಲ್ಲಿ ‘ಶ’ ಇರೋ ಕಡೆ ಲ್ಯಾಟಿನ್‌ನಲ್ಲಿ ‘ಕ’. ಶತ ಅನ್ನೋದು ಅಲ್ಲಿ ಕೆಂಟುಮ್, ದಶ ಅನ್ನೋದು ಡೆಕೆಮ್, ಅಶ್ವ ಅನ್ನೋದು ಎಕ್ವಸ್, ಪಶು ಅನ್ನೋದು ಪೆಕು. ಈ ಪೆಕುವಿನಿಂದಲೇ ಅವರಲ್ಲಿ ದುಡ್ಡಿಗೆ ಪೆಕೂನಿಯಾ ಅನ್ನೋ ಪದ ಬಂತು, ದನವೇ ಧನ ಆಗಿದ್ದ ಕಾಲದ್ದು. ಇದೇ ಕ್ರಮ ಹಿಡಿದ್ರೆ ವಕ್ಕಾಗೆ ಹೊಂದೋದು ವತ್ಸ ಅಲ್ಲ, ವಶಾ. ವಶಾ ಅಂದ್ರೆ ವೇದದಲ್ಲಿ ಹಸು, ಹಲವು ಕಡೆ ಗೊಡ್ಡು ಹಸು ಅನ್ನೋ ಅರ್ಥ, ಅಥರ್ವವೇದದಲ್ಲಿ ಅದರ ಮೇಲೆ ಸೂಕ್ತಗಳೇ ಇವೆ. ಇಲ್ಲೂ ಒಂದು ತೊಡಕಿದೆ, ಲ್ಯಾಟಿನ್‌ನಲ್ಲಿ ಕಕಾರ ಯಾಕೆ ಒತ್ತಕ್ಷರ ಆಯ್ತು ಅಂತ. ಮನೆಮಾತಿನ, ಪ್ರಾಣಿಗಳನ್ನ ಕರೆಯೋ ಪದಗಳಲ್ಲಿ ಹೀಗೆ ಒತ್ತು ಬೀಳೋದುಂಟು ಅಂತ ಕೆಲವರು ಹೇಳ್ತಾರೆ, ಅಷ್ಟಕ್ಕೆ ಒಪ್ಪದೆ ಈ ನೆಂಟಸ್ತಿಕೆಯನ್ನೇ ಅನುಮಾನಿಸೋರೂ ಇದಾರೆ. ನನ್ನ ಲೆಕ್ಕದಲ್ಲಿ ವಶಾ ‘ಇರಬಹುದು’ ಅನ್ನೋ ಖಾನೆಗೆ, ವತ್ಸ ‘ಇಲ್ಲ’ ಅನ್ನೋ ಖಾನೆಗೆ. ಇನ್ನೊಂದು ಮಾತು, ವಶಾ ಸರಿ ಅಂತ ಇಟ್ಕೊಂಡ್ರೂ ವಕ್ಕಾ ಸಂಸ್ಕೃತದಿಂದ ಹೋದ ಪದ ಆಗಲ್ಲ, ಇಬ್ಬರೂ ಒಬ್ಬ ಅಜ್ಜಿಯ ಮೊಮ್ಮಕ್ಕಳು ಅಷ್ಟೇ.

ವತ್ಸಕ್ಕೆ ಲ್ಯಾಟಿನ್‌ನಲ್ಲಿ ನೆಂಟರೇ ಇಲ್ಲ ಅಂತಲ್ಲ, ಇದಾರೆ. ವತ್ಸ ಅನ್ನೋದರ ಬೇರು ‘ವರ್ಷ’ ಅನ್ನೋ ಅರ್ಥದ್ದು, ಒಂದು ವರ್ಷದ ಕರು ವತ್ಸ. ನಾವು ಯುಗಾದಿಗೆ ಹೇಳೋ ಸಂವತ್ಸರ ಅದೇ ಬೇರಿನದು. ಲ್ಯಾಟಿನ್‌ನಲ್ಲಿ ಆ ಬೇರಿನಿಂದ ಕರುವಿಗೆ ವಿಟುಲಸ್ ಅನ್ನೋ ಪದ, ವರ್ಷ ತುಂಬಿದ ಹಳಬನಿಗೆ ವೆಟಸ್ ಅನ್ನೋ ಪದ ಹುಟ್ಟಿದವು. ವೆಟರನ್ ಬಂದಿದ್ದು ಈ ವೆಟಸ್‌ನಿಂದ. ದನದ ಡಾಕ್ಟ್ರಿಗೆ ಹೇಳೋ ವೆಟರಿನರಿ ಕೂಡ ಇಲ್ಲಿಂದಲೇ ಅಂತ ಬಹಳ ವಿದ್ವಾಂಸರ ಅಭಿಪ್ರಾಯ, ವಯಸ್ಸಾದ, ಹೊರೆ ಹೊರೋ ಪ್ರಾಣಿಗಳಿಗೆ ಸೇರಿದ್ದು ಅಂತ. ಹಾಗಾಗಿ ಇಂಗ್ಲಿಷ್ ವಿಜ್ಞಾನದ ಪದಕೋಶದಲ್ಲಿ ವತ್ಸವನ್ನ ಹುಡುಕೋರು ಲಸಿಕೆಯ ಸೀಸೆ ಬಿಟ್ಟು ಪಶು ಆಸ್ಪತ್ರೆಯ ಬೋರ್ಡ್ ನೋಡಬೇಕು.

ಇದಕ್ಕಿಂತ ಸೊಗಸಾದ ನೆಂಟಸ್ತಿಕೆ ವೈರಸ್ಸಿನದು. ಜೆನ್ನರ್ ಬರಹದಲ್ಲಿ ವೈರಸ್ ಪದ ಮತ್ತೆ ಮತ್ತೆ ಬರುತ್ತೆ, ಆದ್ರೆ ಅವರಿಗೆ ನಮ್ಮರ್ಥದ ವೈರಸ್ ಗೊತ್ತಿರೋ ಸಾಧ್ಯತೆಯೇ ಇಲ್ಲ, ಅದು ಪತ್ತೆಯಾಗೋಕೆ ಇನ್ನೂ ನೂರು ವರ್ಷ ಬೇಕಿತ್ತು. ಲ್ಯಾಟಿನ್‌ನಲ್ಲಿ ವೈರಸ್ ಅಂದ್ರೆ ವಿಷ, ಲೋಳೆಯಂಥ ಕೆಟ್ಟ ರಸ, ಅವರು ಆ ಅರ್ಥದಲ್ಲೇ ಬರೆದ್ರು. ಈ ವೈರಸ್ಸೂ ನಮ್ಮ ವಿಷವೂ ಒಂದೇ ಬೇರಿನವು. ಎರಡು ಸ್ವರಗಳ ಮಧ್ಯೆ ಸಿಕ್ಕಿದ ಸಕಾರ ಹಳೇ ಲ್ಯಾಟಿನ್‌ನಲ್ಲಿ ರಕಾರ ಆಗುತ್ತೆ, ಸಂಸ್ಕೃತದಲ್ಲಿ ಇಕಾರ ಆದ್ಮೇಲೆ ಬಂದ ಸಕಾರ ಷಕಾರ ಆಗುತ್ತೆ, ಹಾಗಾಗಿ ಅಲ್ಲಿ ವೀರುಸ್, ಇಲ್ಲಿ ವಿಷ. ಕಿವಿಗೆ ದೂರದ ಪದಗಳು, ಆದ್ರೆ ನಿಯಮಕ್ಕೆ ಪಕ್ಕಾ ಹೊಂದ್ತವೆ. ವತ್ಸ ವ್ಯಾಕ್ಸಿನ್ ಕಿವಿಗೆ ಹತ್ತಿರ, ನಿಯಮಕ್ಕೆ ದೂರ. ಗೋ ಮತ್ತು ಇಂಗ್ಲಿಷಿನ ಕೌ ಕೂಡ ನಿಜವಾದ ಅಕ್ಕತಂಗಿಯರು, ಆದ್ರೆ ಕೌಗೂ ವಕ್ಕಾಗೂ ಸಂಬಂಧ ಇಲ್ಲ, ಅರ್ಥ ಒಂದೇ ಆದ್ರೂ. ಇನ್ನೊಂದು ಬಲೆ ಲ್ಯಾಟಿನ್ನಿನ ಒಳಗೇ ಇದೆ: ಬ್ಲೂಬೆರಿ, ಕ್ರ್ಯಾನ್‌ಬೆರಿ ಗಿಡಗಳ ಜಾತಿಯ ಹೆಸರು ವ್ಯಾಕ್ಸಿನಿಯಮ್. ಹಸುವಿನ ಹಣ್ಣು ಅಂತ ಅರ್ಥ ಹೇಳೋಕೆ ಆಸೆ ಆಗುತ್ತೆ, ಆದ್ರೆ ಆ ಪದ ಹಯಸಿಂತ್ ಅನ್ನೋ ಹೂವಿನ ಹೆಸರು ಎಲ್ಲಿಂದ ಬಂತೋ ಅಲ್ಲಿಂದ ಬಂದಿರೋ ಸಾಧ್ಯತೆಯೇ ಹೆಚ್ಚು ಅಂತ ಬಲ್ಲವರು ಹೇಳ್ತಾರೆ.

ಜೆನ್ನರ್‌ಗಿಂತ ಮುಂಚೆ ಇದ್ದ ಪದ ಇನಾಕ್ಯುಲೇಶನ್, ಅದನ್ನೂ ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಕನ್ನಡದವರಿಗೆ ಅದು ಬಿಡಿಸಿ ಹೇಳದೇ ಅರ್ಥ ಆಗೋ ಪದ. ಲ್ಯಾಟಿನ್‌ನಲ್ಲಿ ಆಕ್ಯುಲಸ್ ಅಂದ್ರೆ ಕಣ್ಣು. ಗಿಡದ ಮೊಗ್ಗಿಗೂ ಅವರು ಕಣ್ಣು ಅಂತಿದ್ರು, ನಾವು ಕಬ್ಬಿನ ಕಣ್ಣು, ಆಲೂಗಡ್ಡೆ ಕಣ್ಣು ಅಂತೀವಲ್ಲ ಹಾಗೇನೇ. ಒಂದು ಗಿಡದ ಕಣ್ಣು ತೆಗೆದು ಇನ್ನೊಂದರ ತೊಗಟೆ ಸೀಳಿ ಕೂರಿಸೋದು ಇನಾಕ್ಯುಲಾರೆ, ನಮ್ಮ ತೋಟಗಾರಿಕೆಯವರು ಕಣ್ಣು ಕಸಿ ಅಂತಾರೆ. ಸಿಡುಬು ಬಂದವರ ಕೀವನ್ನ ಇನ್ನೊಬ್ಬರ ಚರ್ಮ ಗೀರಿ ಕೂರಿಸೋದಕ್ಕೆ ಯುರೋಪಿನವರು ಈ ತೋಟದ ಪದವನ್ನೇ ತಗೊಂಡ್ರು. ಇಂಗ್ಲಿಷ್ ರಾಯಭಾರಿಯ ಹೆಂಡತಿ ಲೇಡಿ ಮೇರಿ ಮಾಂಟೆಗ್ಯೂ ಟರ್ಕಿಯ ಕಾನ್‌ಸ್ಟಾಂಟಿನೋಪಲ್‌ನಲ್ಲಿ ನೋಡಿದ ಈ ಪದ್ಧತಿ 1721ರಲ್ಲಿ ಲಂಡನ್ನಿಗೆ ಬಂತು. ಭಾರತದಲ್ಲೂ, ಅದರಲ್ಲೂ ಬಂಗಾಳದ ಕಡೆ, ಮನೆ ಮನೆಗೆ ಹೋಗಿ ಹೀಗೆ ಹಾಕೋ ಟೀಕಾದಾರರು ಇದ್ರು. ಜೆನ್ನರ್ ಪದ ಬಂದ್ಮೇಲೆ ಹಳೇ ಪದ್ಧತಿಗೆ ವೇರಿಯೋಲೇಶನ್, ಹೊಸದಕ್ಕೆ ವ್ಯಾಕ್ಸಿನೇಶನ್ ಅಂತ ಬೇರೆ ಬೇರೆ ಹೆಸರು ನಿಂತವು, ಒಂದು ಸಿಡುಬಿನಿಂದ, ಇನ್ನೊಂದು ಹಸುವಿನಿಂದ.

ಈಗ ಕಷ್ಟದ ಪ್ರಶ್ನೆ. ಹೆಸರಲ್ಲಿರೋ ಹಸು ನಿಜವಾಗಲೂ ಆ ಸೀಸೆಯಲ್ಲಿತ್ತಾ? ದನದ ಮೈಲಿ ಬಂದವರಿಗೆ ಸಿಡುಬು ಬರಲ್ಲ ಅನ್ನೋದು ರೈತರಿಗೆ ಮೊದಲೇ ಗೊತ್ತಿತ್ತು, ಡಾರ್ಸೆಟ್‌ನ ರೈತ ಬೆಂಜಮಿನ್ ಜೆಸ್ಟಿ 1774ರಲ್ಲೇ ತನ್ನ ಹೆಂಡತಿಗೂ ಇಬ್ಬರು ಗಂಡುಮಕ್ಕಳಿಗೂ ಹಾಕಿದ್ದ. ಆದ್ರೆ ಜೆನ್ನರ್‌ಗೇ ಒಂದು ನಂಬಿಕೆ ಇತ್ತು, ಈ ರೋಗ ಮೂಲದಲ್ಲಿ ಕುದುರೆಯ ಕಾಲಿಗೆ ಬರೋ ಗ್ರೀಸ್ ಅನ್ನೋ ಕಾಯಿಲೆ, ಕುದುರೆ ಗಾಯ ಮುಟ್ಟಿದ ಕೈಯಲ್ಲಿ ಹಾಲು ಕರೆದಾಗ ಹಸುವಿನ ಕೆಚ್ಚಲಿಗೆ ದಾಟುತ್ತೆ ಅಂತ. ಅಷ್ಟು ನಂಬಿದವರು ಹೆಸರಲ್ಲಿ ಮಾತ್ರ ಹಸುವನ್ನೇ ಇಟ್ರು. ಎಷ್ಟೋ ವರ್ಷ ಈ ಕುದುರೆ ವಿಷಯವನ್ನ ಜನ ಪಕ್ಕಕ್ಕೆ ತಳ್ಳಿದ್ರು. 1939ರಲ್ಲಿ ಬ್ರಿಟನ್ನಿನ ವೈರಸ್ ವಿಜ್ಞಾನಿ ಅಲನ್ ಡೌನಿ ಪ್ರಯೋಗ ಮಾಡಿ, ಲಸಿಕೆಯಲ್ಲಿ ಬಳಸ್ತಿದ್ದ ವೈರಸ್ಸೂ ಹಸುಗಳಲ್ಲಿ ಸಿಗೋ ದನದ ಮೈಲಿಯ ವೈರಸ್ಸೂ ಒಂದೇ ಅಲ್ಲ ಅಂತ ತೋರಿಸಿದ್ರು. ಲಸಿಕೆಯ ವೈರಸ್ಸಿಗೆ ವ್ಯಾಕ್ಸಿನಿಯಾ ಅಂತ ಹೆಸರು, ಹೆಸರಲ್ಲಿ ಹಸು, ಆದ್ರೆ ಹಸುವಿನಲ್ಲಿ ಸಿಗೋ ವೈರಸ್ ಬೇರೆ. ಆಮೇಲೆ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ಮಲ್ಫರ್ಡ್ ಕಂಪನಿ 1902ರಲ್ಲಿ ತಯಾರಿಸಿದ ಒಂದು ಸಿಡುಬಿನ ಲಸಿಕೆಯಲ್ಲಿದ್ದ ವೈರಸ್ಸಿನ ಜೀನೋಮ್, ಅಂದ್ರೆ ಅದರ ಪೂರ್ತಿ ವಂಶವಾಹಿ ಮಾಹಿತಿ, ಓದಿದ್ರು, ಅದರ ಮಧ್ಯಭಾಗ ಕುದುರೆ ಮೈಲಿಯ ವೈರಸ್ಸಿಗೆ 99.7% ಹೋಲಿಕೆ ಇತ್ತು. ಎಲ್ಲಾ ಹಳೇ ಲಸಿಕೆಗಳೂ ಕುದುರೆಯದ್ದೇ ಅಂತ ಇದರಿಂದ ಹೇಳೋಕಾಗಲ್ಲ, ಕಾಲಕಾಲಕ್ಕೆ ಎರಡೂ ಮೂಲದಿಂದ ಕೀವು ತಗೊಂಡಿದ್ದಾರೆ. ಆದ್ರೆ ಜೆನ್ನರ್ ಊಹೆಗೆ ಬಲ ಬಂತು, ಅವರಿಟ್ಟ ಹೆಸರಿಗೆ ಬಲ ಕಮ್ಮಿ ಆಯ್ತು. ಪದದ ಮೂಲ ಗೊತ್ತಾದ್ರೆ ವಸ್ತುವಿನ ಮೂಲ ಗೊತ್ತಾಯ್ತು ಅಂತ ತಿಳ್ಕೊಳ್ಳೋದು ಎಷ್ಟು ಅಪಾಯ ನೋಡಿ.

ಹಸು ಪೂರ್ತಿ ಮರೆಯಾಗಿದ್ದು 1881ರಲ್ಲಿ, ಅದೂ ಬೇಕಂತಲೇ. ಲೂಯಿ ಪಾಶ್ಚರ್ ಆಗಷ್ಟೇ ಕೋಳಿ ಕಾಲರಾಕ್ಕೆ, ಕುರಿ ದನಗಳ ಆಂಥ್ರಾಕ್ಸ್‌ಗೆ ದುರ್ಬಲ ಮಾಡಿದ ರೋಗಾಣುಗಳಿಂದ ರಕ್ಷಣೆ ಕೊಡೋದನ್ನ ತೋರಿಸಿದ್ರು. ಅದರಲ್ಲಿ ಹಸುವಿನ ಮೈಲಿಯ ಸುಳಿವೇ ಇಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ನಡೆದ ಅಂತಾರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ, ಇಂಥ ಎಲ್ಲಾ ವಿಧಾನಕ್ಕೂ ವ್ಯಾಕ್ಸಿನೇಶನ್ ಅನ್ನೋ ಪದವನ್ನೇ ಹಿಗ್ಗಿಸಿ ಬಳಸ್ತೀನಿ, ಇದು ಜೆನ್ನರ್‌ಗೆ ನನ್ನ ಗೌರವ ಅನ್ನೋ ಅರ್ಥದ ಮಾತು ಹೇಳಿದ್ರು. ಒಬ್ಬ ಫ್ರೆಂಚ್ ವಿಜ್ಞಾನಿ ಇಂಗ್ಲೆಂಡಿನ ನೆಲದಲ್ಲಿ ನಿಂತು ಇಂಗ್ಲಿಷ್ ಡಾಕ್ಟ್ರಿಗೆ ಸಲ್ಲಿಸಿದ ಆ ಗೌರವ ನನಗೆ ಈ ಪ್ರಕರಣದಲ್ಲೇ ಬಹಳ ಇಷ್ಟವಾದ ಘಟನೆ. ಅವತ್ತಿಂದ ಪೋಲಿಯೋ, ರೇಬಿಸ್, ಕೋವಿಡ್ ಎಲ್ಲದಕ್ಕೂ ವ್ಯಾಕ್ಸಿನ್.

ನಮ್ಮ ಕಡೆಗೆ ಈ ಪದ, ಈ ಕೀವು ಹೇಗೆ ಬಂತು ಅಂದ್ರೆ, ವಿಯೆನ್ನಾದಿಂದ ಕಾನ್‌ಸ್ಟಾಂಟಿನೋಪಲ್, ಬಾಗ್ದಾದ್, ಬಾಸ್ರಾ ದಾಟಿ ಬೊಂಬಾಯಿಗೆ, ದಾರಿಯುದ್ದಕ್ಕೂ ತೋಳಿನಿಂದ ತೋಳಿಗೆ. 1802ರ ಜೂನ್ 14ರಂದು ಬೊಂಬಾಯಿಯಲ್ಲಿ ಆನಾ ಡಸ್ಟ್‌ಹಾಲ್ ಅನ್ನೋ ಮೂರು ವರ್ಷದ ಮಗುವಿಗೆ ಹಾಕಿದ್ದೇ ಭಾರತದಲ್ಲಿ ಹಿಡಿದ ಮೊದಲ ಲಸಿಕೆ. ಮೂರ್ನಾಲ್ಕು ವರ್ಷದಲ್ಲಿ ಅದು ಮೈಸೂರಿಗೂ ಮುಟ್ಟಿತು. ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಮೂವರು ಹೆಂಗಸರ ಒಂದು ದೊಡ್ಡ ವರ್ಣಚಿತ್ರ ಇದೆ, ಬಲಗಡೆ ಇರೋ ಕಿರಿಯಳು ಸೀರೆ ಸರಿಸಿ ತೋಳು ತೋರಿಸ್ತಿದ್ದಾಳೆ. ಇವರು ಮೈಸೂರು ರಾಜಮನೆತನದ ಹೆಂಗಸರು, ಕಿರಿಯಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ಲಸಿಕೆ ಹಾಕ್ಸಿಕೊಂಡ ಜಾಗ ಜನಕ್ಕೆ ತೋರಿಸ್ತಿದ್ದಾರೆ ಅಂತ ಇತಿಹಾಸಕಾರ ನೈಜಲ್ ಚಾನ್ಸೆಲರ್ ವಾದ ಮಾಡಿದ್ದಾರೆ. ಪೂರ್ತಿ ಸಾಬೀತಾಗಿದೆ ಅಂತ ಹೇಳಲ್ಲ, ಆದ್ರೆ ಅಂತಃಪುರದ ರಾಣಿಯೊಬ್ಬಳು ಹಾಗೆ ತೋಳು ತೋರಿಸೋದಕ್ಕೆ ಇದಕ್ಕಿಂತ ಒಳ್ಳೇ ಕಾರಣ ನನಗಂತೂ ಹೊಳೆಯಲ್ಲ.

ವತ್ಸದಂಥ ವಾದಕ್ಕೂ ಹಳೇ ಇತಿಹಾಸ ಇದೆ. 1819ರಲ್ಲಿ ಮದ್ರಾಸ್ ಕೊರಿಯರ್ ಪತ್ರಿಕೆಯಲ್ಲಿ ಒಂದು ಪತ್ರ ಬಂತು, ಧನ್ವಂತರಿಯದ್ದು ಅಂತ ಹೇಳೋ ಶಾಕ್ತೇಯ ಗ್ರಂಥದಲ್ಲಿ ಹಸುವಿನ ಕೆಚ್ಚಲಿನ ಗುಳ್ಳೆಯಿಂದ ಕೀವು ತೆಗೆದು ತೋಳಿಗೆ ಹಾಕೋ ವಿಧಾನ ಇದೆ ಅಂತ. ಇದನ್ನ ದಶಕಗಟ್ಟಲೆ ಪುಸ್ತಕದಿಂದ ಪುಸ್ತಕಕ್ಕೆ ನಕಲು ಮಾಡಿದ್ರು. ಸಂಸ್ಕೃತ ವೈದ್ಯಗ್ರಂಥಗಳ ವಿದ್ವಾಂಸ ಡೊಮಿನಿಕ್ ವುಯಾಸ್ಟಿಕ್ ಇದರ ಹಿಂದೆ ಬಿದ್ದು ಹುಡುಕಿ, ಇಂಥ ಹೇಳಿಕೆಗಳಿಗೆ ಹಳೇ ಆಧಾರ ಇಲ್ಲ, ಜನ ಹೊಸ ಲಸಿಕೆಯನ್ನ ಒಪ್ಪಲಿ ಅನ್ನೋ ಸದುದ್ದೇಶದಿಂದ ಹುಟ್ಟಿದವು ಅಂತ ತೋರಿಸಿದ್ದಾರೆ. ಉದ್ದೇಶ ಒಳ್ಳೇದಿದ್ರೂ ದಾಖಲೆ ಸುಳ್ಳೇ.

ವತ್ಸದ ಪರವಾಗಿ ಉಳಿಯೋ ಕೊನೇ ವಾದ, ಲಸಿಕೆಯನ್ನ ಕರುವಿನ ಮೈಮೇಲೆ ಬೆಳೆಸ್ತಿದ್ರಲ್ಲ ಅನ್ನೋದು. ಬೆಳೆಸ್ತಿದ್ದದ್ದು ನಿಜ. ಕರುವಿನ ಹೊಟ್ಟೆಯ ಕೂದಲು ಬೋಳಿಸಿ, ಚರ್ಮ ಗೀರಿ, ಗುಳ್ಳೆ ಎದ್ದ ಮೇಲೆ ಕೆರೆದು ತೆಗೀತಿದ್ರು. ಬೆಳಗಾವಿಯ ಟಿಳಕವಾಡಿಯಲ್ಲಿ ಇವತ್ತಿಗೂ ಜನ ವ್ಯಾಕ್ಸಿನ್ ಡಿಪೋ ಅಂತ ಕರೆಯೋ ಜಾಗ ಅಂಥ ಸಿಡುಬಿನ ಲಸಿಕೆ ತಯಾರಾಗ್ತಿದ್ದ ಸಂಸ್ಥೆಯದು. ಆದ್ರೆ ತಾರೀಖು ನೋಡಿ. ಕರುವಿನಲ್ಲಿ ಬೆಳೆಸೋದು ಮೊದಲು ನೇಪಲ್ಸ್ ಕಡೆ ನಡೀತಿತ್ತು, ಯುರೋಪಿನ ಉಳಿದ ಕಡೆ ಹಬ್ಬಿದ್ದು 1864ರ ನಂತರ, ಇಂಗ್ಲೆಂಡಿನಲ್ಲಿ ತೋಳಿನಿಂದ ತೋಳಿಗೆ ಹಾಕೋದನ್ನ ಕಾನೂನು ಮಾಡಿ ನಿಲ್ಲಿಸಿದ್ದು 1898ರಲ್ಲಿ. ಪದ ಅಚ್ಚಾಗಿದ್ದು 1798ರಲ್ಲಿ, ಆಗ ಜೆನ್ನರ್ ಕಣ್ಮುಂದೆ ಇದ್ದದ್ದು ಹಾಲು ಕರೆಯೋ ದೊಡ್ಡ ಹಸು.

ಕನ್ನಡ ಈ ಲ್ಯಾಟಿನ್ ಹಸುವನ್ನ ಒಳಗೆ ಬಿಟ್ಕೊಳ್ಳಲಿಲ್ಲ. ಜನ ಅದಕ್ಕೆ ಕೆಲವು ಕಡೆ ದಾಕು ಹಾಕೋದು ಅಂದ್ರು, ಕೆಲವು ಕಡೆ ದೇವಿ ಹಾಕೋದು ಅಂದ್ರು, ಸಿಡುಬು ಅಮ್ಮನೇ ಆಗಿದ್ದರಿಂದ. ಪುಸ್ತಕದ ಕನ್ನಡಕ್ಕೆ ಬಂದಿದ್ದು ಲಸಿಕೆ. ಲಸೀಕಾ ಅಂದ್ರೆ ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ದೇಹದೊಳಗಿನ ನೀರಿನಂಥ ರಸ, ಇಂಗ್ಲಿಷಿನವರು ಲಿಂಫ್ ಅನ್ನೋದು. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಡಾಕ್ಟ್ರುಗಳು ಗುಳ್ಳೆಯಿಂದ ತೆಗೆದ ಆ ತಿಳಿ ರಸಕ್ಕೆ ವ್ಯಾಕ್ಸಿನ್ ಲಿಂಫ್ ಅಂತಲೇ ಹೇಳ್ತಿದ್ರು. ಅವರಲ್ಲಿ ಮೊದಲ ಪದ ಉಳಿದು ಎರಡನೇದು ಬಿತ್ತು, ನಮ್ಮಲ್ಲಿ ನಿಂತ ಪದದ ಅರ್ಥ ಆ ಎರಡನೇದರದು.